ಟೆಸ್ಟರ್ ಉರೀಲಿಲ್ಲ ಅಂದ್ರೆ ಕರೆಂಟ್ ಇಲ್ಲ ಅಂತಲ್ಲ

ಮನೇಲಿ ಬಲ್ಬ್ ಉರೀತಿಲ್ಲ ಅಂದ ಕೂಡ್ಲೇ ನಾವು ಹುಡುಕೋದು ಟೆಸ್ಟರ್‌ನ. ಚುಚ್ಚಿ ನೋಡ್ತೀವಿ. ಕೆಂಪು ದೀಪ ಕಂಡ್ರೆ ಕರೆಂಟ್ ಇದೆ, ಕಾಣದಿದ್ರೆ ಇಲ್ಲ ಅಂದ್ಕೊಂಡು ವೈರಿಗೆ ಕೈ ಹಾಕ್ತೀವಿ. ಆ ಎರಡನೇ ತೀರ್ಮಾನ ಇದೆಯಲ್ಲ, ಅದು ಜೀವ ತೆಗೆಯುತ್ತೆ.

ಟೆಸ್ಟರ್ ಒಳಗಿರೋದು ಒಂದು ಪುಟ್ಟ ನಿಯಾನ್ ದೀಪ, ಜೊತೆಗೆ ತುಂಬಾ ದೊಡ್ಡ ರೆಸಿಸ್ಟರ್. ಒಂದು ಮಿಲಿಆಂಪ್‌ಗಿಂತ ಕಡಿಮೆ ಕರೆಂಟು ನಿಮ್ಮ ಮೈ ಮೂಲಕ ನೆಲಕ್ಕೆ ಹೋದಾಗ ಅದು ಉರಿಯುತ್ತೆ. ನೀವು ಮರದ ಸ್ಟೂಲ್ ಮೇಲೆ ರಬ್ಬರ್ ಚಪ್ಪಲಿ ಹಾಕ್ಕೊಂಡು ನಿಂತಿದ್ರೆ ಮಂಕಾಗುತ್ತೆ, ಹಗಲು ಬೆಳಕಲ್ಲಿ ಕಾಣೋದೇ ಇಲ್ಲ. ವೈರಲ್ಲಿ ಮಾತ್ರ 230 ವೋಲ್ಟ್ ಹಾಗೇ ಇರುತ್ತೆ.

ಉರಿದಾಗಲೂ ಅದು ಪೂರ್ತಿ ಸತ್ಯ ಹೇಳಲ್ಲ. ಸಾಕೆಟ್ಟಿನ ಎದುರು ನಿಂತರೆ ಬಲಗಡೆ ತೂತು ಫೇಸ್ (ಕರೆಂಟ್ ಬರೋ ವೈರು), ಎಡಗಡೆದು ನ್ಯೂಟ್ರಲ್ (ಅದು ವಾಪಸ್ ಹೋಗೋ ವೈರು). ಕೆಲವೊಮ್ಮೆ ಎರಡರಲ್ಲೂ ಟೆಸ್ಟರ್ ಉರಿಯುತ್ತೆ, ಆದ್ರೆ ಯಾವ ಸಾಮಾನೂ ಓಡಲ್ಲ. "ಡಬಲ್ ಫೇಸ್ ಬರ್ತಿದೆ" ಅಂತ ಗಾಬರಿ ಬೀಳ್ತಾರೆ. ಹೆಚ್ಚಿನ ಸಲ ನಿಜವಾಗಿ ಆಗಿರೋದು ನ್ಯೂಟ್ರಲ್ ಕಟ್. ಅದೇ ಸರ್ಕ್ಯೂಟಲ್ಲಿ ಆನ್ ಇರೋ ಫ್ಯಾನೋ ಬಲ್ಬೋ ಫೇಸನ್ನ ತನ್ನೊಳಗಿಂದ ಹಾಯಿಸಿ, ತುಂಡಾದ ನ್ಯೂಟ್ರಲ್‌ಗೆ ತಲುಪಿಸಿರುತ್ತೆ. ಆ ಸಾಲಿನ ಎಲ್ಲ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಎಡ ತೂತನ್ನ ಮತ್ತೆ ನೋಡಿ. ಟೆಸ್ಟರ್ ಆರಿದ್ರೆ ನ್ಯೂಟ್ರಲ್ ಎಲ್ಲೋ ಬಿಟ್ಟಿದೆ. ಮೊದಲ ಗುಮಾನಿ ಸಡಿಲವಾದ ಸ್ಕ್ರೂ ಮೇಲಿರಲಿ.

ಹಾಗಾಗಿ ನಾನು ಗಟ್ಟಿಯಾಗಿ ಹೇಳೋದು: ಮನೇಲಿ ಒಂದು ಮಲ್ಟಿಮೀಟರ್ (ವೋಲ್ಟ್, ಓಮ್ ಎಲ್ಲ ಅಳೆಯೋ ಮೀಟರ್) ಇರ್ಲಿ, ಅದರ ಮೇಲೆ ಕ್ಯಾಟ್ 3 (CAT III, ಸುರಕ್ಷತೆಯ ದರ್ಜೆ), 600 ವೋಲ್ಟ್ ಅಂತ ಬರೆದಿರೋದು. ಎಸಿ ವೋಲ್ಟ್‌ನಲ್ಲಿ ಫೇಸ್-ನ್ಯೂಟ್ರಲ್ ಮಧ್ಯೆ ಸುಮಾರು 230, ಫೇಸ್-ಅರ್ತ್ (ಮೇಲಿನ ದೊಡ್ಡ ತೂತು) ಮಧ್ಯೆಯೂ ಅಷ್ಟೇ, ನ್ಯೂಟ್ರಲ್-ಅರ್ತ್ ಮಧ್ಯೆ ಕೆಲವೇ ವೋಲ್ಟ್ ಬರಬೇಕು. ಕೆಂಪು ಪ್ರೋಬಿನ ವೈರು ಮೀಟರಿನ 10 ಆಂಪ್ ತೂತಲ್ಲಿ ಇಲ್ಲ ಅಂತ ಎರಡು ಸಲ ನೋಡ್ಕೊಳ್ಳಿ; ಅದರಲ್ಲಿಟ್ಟು ಸಾಕೆಟ್ಟಿಗೆ ಚುಚ್ಚಿದ್ರೆ ನೇರ ಶಾರ್ಟ್. ಕರೆಂಟ್ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋವಾಗ ಮೊದಲು ಕರೆಂಟ್ ಇರೋ ಸಾಕೆಟ್ಟಲ್ಲಿ ಮೀಟರ್ ಪರೀಕ್ಷಿಸಿ, ಆಮೇಲೆ ಕೆಲಸದ ಜಾಗ, ಮತ್ತೆ ಅದೇ ಸಾಕೆಟ್.

ಮೀಟರಿಗೂ ಒಂದು ದೋಷ ಇದೆ. ಎಲ್ಲೂ ಸೇರದ ವೈರು ಪಕ್ಕದ ಲೈವ್ ವೈರಿನ ಜೊತೆ ಓಡ್ತಿದ್ರೆ 40, 80, ನೂರರ ಮೇಲೂ ಸುಳ್ಳು ವೋಲ್ಟೇಜ್ ತೋರಿಸುತ್ತೆ. ಅದಕ್ಕೇ ಹಳೇ 60 ವ್ಯಾಟ್ ಫಿಲಮೆಂಟ್ ಬಲ್ಬ್ ಸಿಕ್ಕಿದ್ರೆ ಎಸೀಬೇಡಿ. ಹೋಲ್ಡರಿಗೆ ಎರಡು ವೈರ್ ಹಾಕಿ ಟೆಸ್ಟ್ ಲ್ಯಾಂಪ್ ಮಾಡ್ಕೊಳ್ಳಿ, ಫೇಸ್-ನ್ಯೂಟ್ರಲ್ ಮಧ್ಯೆ ಪೂರ್ತಿ ಬೆಳಗಿದ್ರೆ ಮಾತ್ರ ಅದು ನಿಜವಾದ ಸಪ್ಲೈ. ಫೇಸ್-ಅರ್ತ್ ಮಧ್ಯೆ ಇದನ್ನ ಹಿಡೀಬೇಡಿ. ಕಾಲು ಆಂಪ್‌ಗಿಂತ ಹೆಚ್ಚು ಹೋಗುತ್ತೆ, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಟ್ರಿಪ್ ಆಗುತ್ತೆ.

ಬಲ್ಬ್ ವಿಷಯ. ಫಿಲಮೆಂಟ್ ಬಲ್ಬಾದ್ರೆ ಮೀಟರನ್ನ ಓಮ್ಸ್‌ನಲ್ಲಿ (ರೆಸಿಸ್ಟೆನ್ಸ್ ಅಳತೆ) ಇಟ್ಟು ನೋಡಬಹುದು. 60 ವ್ಯಾಟಿಂದು ತಣ್ಣಗಿದ್ದಾಗ ಎಪ್ಪತ್ತು ಓಮ್ ಆಸುಪಾಸು. ಎಲ್‌ಇಡಿಗೆ ಇದು ನಡೆಯಲ್ಲ, ಒಳಗೆ ಡ್ರೈವರ್ ಅನ್ನೋ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುತ್ತೆ. ಚೆನ್ನಾಗಿರೋ ಹೋಲ್ಡರಿಗೆ ಹಾಕಿ ನೋಡೋದೇ ಸರಿ. ಮೇಲಿನ ಡೋಮ್ (ಬಿಳಿ ಮುಚ್ಚಳ) ತೆಗೆದಾಗ ಒಂದು ಚಿಪ್ ಮೇಲೆ ಕಪ್ಪು ಚುಕ್ಕೆ ಕಂಡ್ರೆ ಅದೇ ಸತ್ತಿರೋದು. ಚಿಪ್‌ಗಳು ಸೀರೀಸಲ್ಲಿ ಇರೋದ್ರಿಂದ ಒಂದು ಹೋದ್ರೆ ಆ ಸಾಲೇ ಹೋಯ್ತು. ಬಲ್ಬ್ ಸರಿ ಇದ್ರೆ ಹೋಲ್ಡರಿನ ಪಿನ್ನುಗಳನ್ನ ನೋಡಿ, ಸ್ಪ್ರಿಂಗ್ ಸುಟ್ಟು ಒಳಗೇ ಕೂತಿರುತ್ತೆ.

ಸ್ವಿಚ್ ಆಫ್ ಮಾಡಿದ್ರೂ ಎಲ್‌ಇಡಿ ಮಿಣುಕ್ತಿದ್ಯಾ? ಬಲ್ಬ್ ತೆಗೆದು, ಸ್ವಿಚ್ ಆಫಲ್ಲೇ ಇಟ್ಟು, ಹೋಲ್ಡರ್ ಪಿನ್ ಮತ್ತು ಅರ್ತ್ ಮಧ್ಯೆ ಅಳೆಯಿರಿ. ಪೂರ್ತಿ 230 ಬಂದ್ರೆ ಸ್ವಿಚ್ಚನ್ನ ನ್ಯೂಟ್ರಲ್‌ಗೆ ಹಾಕಿರೋ ಸಾಧ್ಯತೆಯೇ ಹೆಚ್ಚು. ಇದನ್ನ ಸರಿ ಮಾಡಿಸ್ಲೇಬೇಕು, ಯಾಕಂದ್ರೆ ಬಲ್ಬ್ ಬದಲಾಯಿಸೋವಾಗಲೂ ಹೋಲ್ಡರಲ್ಲಿ ಫೇಸ್ ಇರುತ್ತೆ.

ಸ್ವಿಚ್ ಪರೀಕ್ಷೆಗೆ ಮೇನ್ ಆಫ್ ಮಾಡಿ. ಅಷ್ಟಕ್ಕೇ ನಿಲ್ಲಬೇಡಿ, ಯುಪಿಎಸ್ ಇರೋ ಮನೇಲಿ ಮೇನ್ ಆಫಾದ್ರೂ ಲೈಟು, ಫ್ಯಾನ್ ಲೈನಲ್ಲಿ ಪೂರ್ತಿ ಕರೆಂಟ್ ಇರುತ್ತೆ. ಯುಪಿಎಸ್ಸನ್ನೂ ಆಫ್ ಮಾಡಿ. ಸ್ವಿಚ್ಚಿಂದ ಒಂದು ವೈರ್ ಬಿಚ್ಚಿ, ಮೀಟರನ್ನ ಕಂಟಿನ್ಯುಟಿಯಲ್ಲಿ (ದಾರಿ ಕೂಡಿದ್ರೆ ಬೀಪ್ ಅನ್ನೋ ಸೆಟ್ಟಿಂಗ್) ಇಟ್ಟು ಸ್ವಿಚ್ಚಿನ ಎರಡೂ ತುದಿಗೆ ಹಿಡೀರಿ: ಆನ್ ಮಾಡಿದ್ರೆ ಬೀಪ್, ಆಫ್ ಮಾಡಿದ್ರೆ ಮೌನ. ಹತ್ತಾರು ಓಮ್ ತೋರಿಸಿದ್ರೆ, ಒಮ್ಮೆ ಬೀಪ್ ಬಂದು ಒಮ್ಮೆ ಬರದಿದ್ರೆ, ಒಳಗೆ ಕಾಂಟ್ಯಾಕ್ಟ್ ಸುಟ್ಟಿದೆ. ಎಸೀರಿ.

ಕಿಟ್‌ಕ್ಯಾಟ್ ಫ್ಯೂಸ್ (ಕಿತ್ತು ತಂತಿ ಹಾಕೋ ಪಿಂಗಾಣಿ ಫ್ಯೂಸ್) ಇನ್ನೂ ಎಷ್ಟೋ ಮನೇಲಿದೆ. ಮೇನ್ ಆಫ್ ಮಾಡಿ ಕಿತ್ತು ನೋಡಿ. ಪಿಂಗಾಣಿ ಮೇಲೆ ಕಪ್ಪು ಮಸಿ, ತಾಮ್ರದ ಚಿಮುಕು ಇದ್ರೆ ಶಾರ್ಟ್ ಆಗಿದೆ, ಕಾರಣ ಹುಡುಕದೆ ವೈರ್ ಹಾಕಬೇಡಿ. ನಡುವೆ ಸುಮ್ಮನೆ ಕರಗಿದ್ರೆ ಸಾಮಾನ್ಯವಾಗಿ ಓವರ್‌ಲೋಡ್. ಸ್ಕ್ರೂ ಹತ್ರ ತುಂಡಾಗಿದ್ರೆ ಬಿಗಿ ಜಾಸ್ತಿಯಾಗಿದೆ. ಲೈಟ್ ಸರ್ಕ್ಯೂಟಿನ 5 ಆಂಪ್‌ಗೆ 0.2 ಮಿಲಿಮೀಟರ್ ತವರ ಲೇಪದ ತಾಮ್ರದ ತಂತಿ, 15 ಆಂಪ್‌ಗೆ 0.5. ಸಾಮಾನ್ಯ ಫ್ಲೆಕ್ಸಿಬಲ್ ವೈರಿನ ಒಂದೊಂದು ಎಳೆಯೂ ಸುಮಾರು 0.2 ಇರುತ್ತೆ. "ಪದೇ ಪದೇ ಹೋಗ್ತಿದೆ" ಅಂತ ನಾಲ್ಕೈದು ಎಳೆ ಹೊಸೆದು ಹಾಕಿದ್ರೆ ಫ್ಯೂಸ್ ಉಳಿಯುತ್ತೆ, ಗೋಡೆಯೊಳಗಿನ ವೈರ್ ಸುಡುತ್ತೆ. ಇದನ್ನ ಮಾಡಿಕೊಡೋ ಎಲೆಕ್ಟ್ರಿಷಿಯನ್‌ನ ಮನೆಗೆ ಸೇರಿಸಬೇಡಿ.

ಒಂದು ಲಕ್ಷಣ ಕಂಡ್ರೆ ಮಾತ್ರ ಪರೀಕ್ಷೆಗೆ ಕೂರಲೇಬೇಡಿ. ತ್ರೀ ಫೇಸ್ ಮನೇಲಿ ಒಂದು ರೂಮಿನ ಬಲ್ಬ್ ಕಣ್ಣು ಕುಕ್ಕುವಷ್ಟು ಉರಿದು ಇನ್ನೊಂದರಲ್ಲಿ ಮಂಕಾದ್ರೆ ನ್ಯೂಟ್ರಲ್ ಹೋಗಿರುತ್ತೆ, 230ರ ಸಾಮಾನಿಗೆ 300, 350 ವೋಲ್ಟ್ ಬೀಳ್ತಿರಬಹುದು. ಮೊದಲು ಮೇನ್ ಇಳಿಸಿ. ಕರೆಂಟ್ ಬಿಲ್ಲಿನ ಮೀಟರ್ ಪಕ್ಕದ ಸೀಲ್ ಮಾಡಿದ ಕಟೌಟ್ (ಕಂಪನಿಯ ಫ್ಯೂಸ್) ಮುಟ್ಟದೆ ವಿದ್ಯುತ್ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ, "ಕರೆಂಟ್ ಇಲ್ಲ" ಅನ್ನಬೇಡಿ, "ನ್ಯೂಟ್ರಲ್ ಕಟ್ ಆಗಿರೋ ಹಾಗಿದೆ, ವೋಲ್ಟೇಜ್ ಏರುಪೇರಾಗ್ತಿದೆ" ಅಂತಾನೇ ಹೇಳಿ.