ಅಮೆರಿಕದ ಟಂಕಸಾಲೆ ಯಾರ ಬೆಳ್ಳಿ ಕೊಳ್ಳಬೇಕು, ಎಷ್ಟು ಕೊಡಬೇಕು?

[ಪರದೆ: ಸಿಲ್ವರ್ ಈಗಲ್ ನಾಣ್ಯದ ಎರಡೂ ಮುಖ]

ಇದು ಅಮೆರಿಕ ಸರ್ಕಾರದ ಸಿಲ್ವರ್ ಈಗಲ್ ನಾಣ್ಯ. ಮೇಲೆ ಒಂದು ಡಾಲರ್ ಅಂತಿದೆ. ಆ ಬೆಲೆಗೆ ಯಾರೂ ಕೊಡೋದಿಲ್ಲ. ಇದು ಒಂದು ಟ್ರಾಯ್ ಔನ್ಸ್ ಬೆಳ್ಳಿ. 40.6 ಮಿ.ಮೀ. ವ್ಯಾಸ, 31.103 ಗ್ರಾಂ ತೂಕ, .999 ಶುದ್ಧತೆ. ಇವೆಲ್ಲ ಟಂಕಸಾಲೆ ಗೊತ್ತುಮಾಡಿದ್ದಲ್ಲ, ಕಾಂಗ್ರೆಸ್ ಕಾನೂನಿನಲ್ಲೇ ಬರೆದಿಟ್ಟಿದ್ದು. ಬೆಳ್ಳಿ ಎಲ್ಲಿಂದ ತರಬೇಕು ಅನ್ನೋದೂ ಅಷ್ಟೇ.

[ಪರದೆ: 1985]

ಆ ವರ್ಷ ಜುಲೈ 9ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದ್ದು ಈ ನಾಣ್ಯಕ್ಕೆ ದಾರಿ ಮಾಡಿದ ಲಿಬರ್ಟಿ ಕಾಯಿನ್ ಆಕ್ಟ್‌ಗೆ. ಅದನ್ನು ತಂದವರು ಬೆಳ್ಳಿ ಗಣಿಗಳ ರಾಜ್ಯ ಐಡಾಹೊದ ಸೆನೆಟರ್ ಜೇಮ್ಸ್ ಮೆಕ್ಲೂರ್. 1981ರಲ್ಲಿ ಸರ್ಕಾರ ರಕ್ಷಣಾ ದಾಸ್ತಾನಿನ ಬೆಳ್ಳಿಯನ್ನು ಹರಾಜಿಗಿಟ್ಟಾಗ, ಬೆಲೆ ಬಿದ್ದುಹೋಗುತ್ತೆ ಅಂತ ಗಣಿ ರಾಜ್ಯಗಳು ಗಲಾಟೆ ಎಬ್ಬಿಸಿದ್ದವು. ಅದೇ ಬೆಳ್ಳಿಯನ್ನು ನಾಣ್ಯವಾಗಿ ಸ್ವಲ್ಪಸ್ವಲ್ಪವೇ ಬಿಟ್ಟರೆ ದಾಸ್ತಾನೂ ಕರಗುತ್ತೆ, ಗಣಿಗೂ ಪೆಟ್ಟಿಲ್ಲ. ಜಾಣ ರಾಜಿ. ಆದರೆ ಒಂದು ತೊಡಕು ಉಳಿಯಿತು: ಈ ನಾಣ್ಯಕ್ಕೆ ಆ ದಾಸ್ತಾನಿನಿಂದಲೇ ಬೆಳ್ಳಿ ತರಬೇಕು ಅಂತ ಕಾನೂನು ಕಟ್ಟಿಹಾಕಿತ್ತು. ದಾಸ್ತಾನು ಮುಗಿದರೆ ನಾಣ್ಯವೂ ನಿಂತಂತೆ.

[ಪರದೆ: 2002]

ದಾಸ್ತಾನು ಮುಗಿಯುವ ಹೊತ್ತಿಗೆ ಇನ್ನೊಂದು ಗಣಿ ರಾಜ್ಯ ನೆವಾಡಾದ ಸೆನೆಟರ್ ಹ್ಯಾರಿ ರೀಡ್ ಮಸೂದೆ ತಂದರು. ಜುಲೈ 23ರಂದು ಕಾಯ್ದೆಯಾಯಿತು. ಇವತ್ತಿನ ಲೆಕ್ಕ ಹೀಗೆ: ಮೊದಲು ಅಮೆರಿಕದ ನೆಲದಲ್ಲೇ ತೆಗೆದ ಬೆಳ್ಳಿ, ಅದೂ ಅದಿರು ತೆಗೆದ ತಿಂಗಳಿಂದ ಒಂದು ವರ್ಷದೊಳಗಿನದ್ದು. ಅದನ್ನು ಕೊಳ್ಳೋದು ಆರ್ಥಿಕವಾಗಿ ಗಿಟ್ಟದಿದ್ದರೆ ಬೇರೆ ಕಡೆಯಿಂದ ತರಬಹುದು. ಎಲ್ಲಿಂದ ತಂದರೂ ಸರಾಸರಿ ವಿಶ್ವ ಬೆಲೆ ಮೀರುವಂತಿಲ್ಲ.

ಅಂದರೆ ಗಣಿಗಳಿಗೆ ಮೊದಲ ಸರದಿ ಸಿಕ್ಕಿತು, ಹೆಚ್ಚಿನ ಕಾಸು ಸಿಗಲಿಲ್ಲ. 1918ರ ಪಿಟ್ಮನ್ ಆಕ್ಟ್ ಪಕ್ಕ ಇಟ್ಟು ನೋಡಿ. ಆಗ ಸುಮಾರು 27 ಕೋಟಿ ಬೆಳ್ಳಿ ಡಾಲರ್‌ಗಳನ್ನು ಕರಗಿಸಿ, ಬಹುಪಾಲನ್ನು ನಮ್ಮ ರೂಪಾಯಿ ಟಂಕಿಸಲು ಬ್ರಿಟನ್‌ಗೆ ಮಾರಿದರು. ಖಾಲಿಯಾದದ್ದನ್ನು ತುಂಬಲು ಸ್ವದೇಶಿ ಗಣಿಗಳಿಂದ ಔನ್ಸ್‌ಗೆ ಒಂದು ಡಾಲರ್‌ನಂತೆ ಕೊಳ್ಳಲೇಬೇಕಿತ್ತು. ಮಾರುಕಟ್ಟೆ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ ಇಳಿದ ಮೇಲೂ ಖಜಾನೆ ಡಾಲರ್ ಎಣಿಸುತ್ತಲೇ ಇತ್ತು.

[ಪರದೆ: ಅಚ್ಚಿಲ್ಲದ ಬೆಳ್ಳಿ ಬಿಲ್ಲೆಗಳು]

ಈಗ ನಿಜವಾದ ತಲೆನೋವು ಬೇರೆ. ಬೆಳ್ಳಿ ಗಟ್ಟಿಗೆ ನೇರವಾಗಿ ಅಚ್ಚು ಒತ್ತೋಕಾಗಲ್ಲ. ನಿಖರ ತೂಕದ ಬಿಲ್ಲೆ, ಅಂದರೆ ಬ್ಲ್ಯಾಂಕ್ ಬೇಕು. ಅದನ್ನು ಟಂಕಸಾಲೆ ಹೊರಗಿನ ಪೂರೈಕೆದಾರರಿಂದ ತರಿಸುತ್ತದೆ. 2008ರಲ್ಲಿ ಬೇಡಿಕೆ ಏರಿದಾಗ ಬ್ಲ್ಯಾಂಕ್ ಸಾಲದೆ ಪಡಿತರದಂತೆ ಹಂಚಬೇಕಾಯಿತು. ‘ಸಾರ್ವಜನಿಕ ಬೇಡಿಕೆ ಪೂರೈಸುವಷ್ಟು’ ಬುಲಿಯನ್ ನಾಣ್ಯ, ಅಂದರೆ ಲೋಹದ ಬೆಲೆಗಾಗಿ ಕೊಳ್ಳುವ ನಾಣ್ಯ, ಟಂಕಿಸಲೇಬೇಕು ಅಂತ ಕಾನೂನಿತ್ತಲ್ಲ, ಹಾಗಾಗಿ ಬಂದ ಬ್ಲ್ಯಾಂಕ್ ಎಲ್ಲ ಅತ್ತ ಹೋಗಿ, ಸಂಗ್ರಹಕಾರರಿಗಾಗಿ ವಿಶೇಷ ಹೊಳಪಿನಿಂದ ಟಂಕಿಸುವ ಪ್ರೂಫ್ ಸಿಲ್ವರ್ ಈಗಲ್ 2009ರಲ್ಲಿ ಬರಲೇ ಇಲ್ಲ. ಸಂಗ್ರಹಕಾರರು ಸಿಟ್ಟಾದರು. 2010ರ ತಿದ್ದುಪಡಿ, ಎಷ್ಟು ಸಾಕು ಅನ್ನೋ ತೀರ್ಮಾನವನ್ನು ಖಜಾನೆ ಕಾರ್ಯದರ್ಶಿಗೇ ಬಿಟ್ಟಿತು.

[ಪರದೆ: ಹಸಿರು ಪೆಟ್ಟಿಗೆ]

ಮಾರಾಟದ ಬೆಲೆಗೂ ಕಾನೂನಿದೆ: ಆ ಹೊತ್ತಿನ ಬೆಳ್ಳಿ ಬೆಲೆ, ಜೊತೆಗೆ ಟಂಕಣೆ, ಪ್ರಚಾರ, ವಿತರಣೆಯ ಖರ್ಚು. ಬುಲಿಯನ್ ನಾಣ್ಯವನ್ನು ಟಂಕಸಾಲೆ ನಿಮಗೆ ನೇರವಾಗಿ ಮಾರಲ್ಲ, ಅಧಿಕೃತ ಖರೀದಿದಾರರಿಗಷ್ಟೇ. ಅವರ ಕನಿಷ್ಠ ಆರ್ಡರ್ 25,000 ಔನ್ಸ್. 20 ನಾಣ್ಯದ ಕೊಳವೆ, 25 ಕೊಳವೆಗೆ ಒಂದು ಪೆಟ್ಟಿಗೆ. ಹಾಗೆ 50 ಪೆಟ್ಟಿಗೆ. ಅಲ್ಲಿಂದ ಅಂಗಡಿಗೆ ಬರುವಷ್ಟರಲ್ಲಿ ಒಬ್ಬೊಬ್ಬರ ಲಾಭ ಸೇರುತ್ತೆ.

ಅಮೆರಿಕದಲ್ಲಿದ್ದು ಕೊಳ್ಳುವವರು ಆ ದಿನದ ಸ್ಪಾಟ್ ಬೆಲೆಯನ್ನು, ಅಂದರೆ ಮಾರುಕಟ್ಟೆಯಲ್ಲಿ ಬರಿ ಬೆಳ್ಳಿಯ ಆ ಹೊತ್ತಿನ ದರವನ್ನು, ಅಂಗಡಿಯ ಬೆಲೆಯಿಂದ ಕಳೆದು ನೋಡಿ. ಸ್ಪಾಟ್ ನಿಂತಲ್ಲೇ ನಿಂತು ವ್ಯತ್ಯಾಸ ಮಾತ್ರ ಹಿಗ್ಗುತ್ತಿದ್ದರೆ, ಬೆಳ್ಳಿ ತುಟ್ಟಿಯಾಗಿಲ್ಲ; ನಾಣ್ಯಕ್ಕೆ ಬರ ಬಂದಿದೆ.