ಐಸ್ ಹಾಕಿಯ ಬೆಸ್ಟ್ ಸ್ಕೇಟರ್ ಯಾರು? ಗಡಿಯಾರ ಹೇಳುವುದೇ ಬೇರೆ, ಬ್ಲೇಡ್ ಹೇಳುವುದೇ ಬೇರೆ

[ದೃಶ್ಯ: ಕಾರವಾರದ ಬೈತಖೋಲ್ ಬಂದರು, ಬೆಳಿಗ್ಗೆ. ಬೋಟಿಗೆ ಐಸ್ ಪುಡಿ ತುಂಬುತ್ತಿದ್ದಾರೆ.]

ನಮಸ್ಕಾರ. ನಮ್ಮ ಊರಲ್ಲಿ ಐಸ್ ಅಂದ್ರೆ ಇದು. ಮೀನು ಕೆಡದೇ ಇರಲಿ ಅಂತ ಬೋಟಿಗೆ ಹಾಕುವ ಐಸ್. ಇದರ ಮೇಲೆ ನಿಂತು ಆಡುವ ಆಟವನ್ನು ನಾವು ನೋಡುವುದು ಮೊಬೈಲಿನಲ್ಲಿ ಮಾತ್ರ. ಆದರೂ ರೋಲರ್ ಸ್ಕೇಟಿಂಗ್ ಕಲಿಯುವ ಮಕ್ಕಳು ಒಂದೇ ಸಮನೆ ಕೇಳುತ್ತಾರೆ: ಐಸ್ ಹಾಕಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಸ್ಕೇಟ್ ಮಾಡಿದವರು ಯಾರು?

ಗಡಿಯಾರ ನೋಡಿ ಹೇಳುವುದಾದರೆ ಸುಲಭ.

[ಪರದೆಯ ಮೇಲೆ: ಗಾರ್ಟ್ನರ್ 13.386, ಲಾರ್ಕಿನ್ 13.172, ಮೆಕ್‌ಡೇವಿಡ್ 13.310]

ಎನ್‌ಎಚ್‌ಎಲ್ ಅಂದ್ರೆ ಅಮೆರಿಕ, ಕೆನಡಾದ ದೊಡ್ಡ ಐಸ್ ಹಾಕಿ ಲೀಗ್. ಅದರ ಆಯ್ದ ತಾರೆಯರು ಆಡುವ ಆಲ್-ಸ್ಟಾರ್ ಆಟದ ಹೊತ್ತಿಗೆ ರಿಂಕಿಗೆ, ಅಂದ್ರೆ ಐಸ್ ಮೈದಾನಕ್ಕೆ, ಒಂದು ಸುತ್ತು ಹೊಡೆಯುವ ಸ್ಪರ್ಧೆ ಇರುತ್ತದೆ. 1996ರಲ್ಲಿ ಮೈಕ್ ಗಾರ್ಟ್ನರ್ ಅದನ್ನು 13.386 ಸೆಕೆಂಡಿನಲ್ಲಿ ಮುಗಿಸಿದರು. ಆಗ ಅವರಿಗೆ 36 ವರ್ಷ! 20 ವರ್ಷ ಆ ದಾಖಲೆಯನ್ನು ಯಾರೂ ಮುಟ್ಟಲಿಲ್ಲ. 2016ರಲ್ಲಿ ಡಿಲನ್ ಲಾರ್ಕಿನ್ 13.172ಕ್ಕೆ ಇಳಿಸಿದರು. ಆದರೆ ಲಾರ್ಕಿನ್ ಶುರುವಿನ ಗೆರೆ ದಾಟುವ ಮೊದಲೇ ವೇಗ ಹಿಡಿದಿದ್ದರು. ಮರುವರ್ಷ ಕಾನರ್ ಮೆಕ್‌ಡೇವಿಡ್ ನಿಂತ ಜಾಗದಿಂದಲೇ ಹೊರಟು 13.310 ಹೊಡೆದರು. 2017, 2018, 2019, ಮತ್ತೆ 2024, ಹೀಗೆ ನಾಲ್ಕು ಸಲ ಅವರೇ ಗೆದ್ದಿದ್ದಾರೆ.

ಹಾಗಾದರೆ ವಿಡಿಯೋ ಇಲ್ಲಿಗೇ ಮುಗಿಯಬೇಕಿತ್ತು, ಅಲ್ವಾ? ಇಲ್ಲ. ಆ ಸುತ್ತಿನಲ್ಲಿ ಅಡ್ಡ ಬರುವವರು ಯಾರೂ ಇರುವುದಿಲ್ಲ. ಕೋಲಿನ ತುದಿಯಲ್ಲಿ ಪಕ್ (ಚೆಂಡಿನ ಬದಲು ಬಳಸುವ ಚಪ್ಪಟೆ ರಬ್ಬರ್ ಬಿಲ್ಲೆ) ಇರುವುದಿಲ್ಲ. ಹಿಮ್ಮುಖವಾಗಿ ಓಡುವ ಕೆಲಸವೂ ಇಲ್ಲ. ಆಟದಲ್ಲಿ ಇವೆಲ್ಲ ಒಟ್ಟಿಗೇ ಬರುತ್ತವೆ.

[ದೃಶ್ಯ: ಮೇಜಿನ ಮೇಲೆ ಐಸ್ ಪ್ಲಾಂಟಿನಿಂದ ತಂದ ಗಡ್ಡೆ, ಪಕ್ಕದಲ್ಲಿ ಸ್ಟೀಲ್ ಸ್ಕೇಲ್.]

ತಮ್ಮಾ, ಕ್ಯಾಮೆರಾ ಸ್ವಲ್ಪ ಹತ್ತಿರ ತಗೊಂಡು ಬಾ. ಈ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಉದ್ದಕ್ಕೆ ತಳ್ಳುತ್ತೇನೆ. ನೋಡಿ, ಬೆರಳು ತಾಗಿಸಿದರೆ ಸಾಕು, ಜಾರುತ್ತದೆ. ಈಗ ಸ್ವಲ್ಪ ವಾಲಿಸಿ, ಒತ್ತಿ, ಅಡ್ಡಕ್ಕೆ ತಳ್ಳುತ್ತೇನೆ. ಹೋಗುತ್ತಿಲ್ಲ. ಅಂಚು ಐಸನ್ನು ಕಚ್ಚಿತು. ಇಲ್ಲಿ ಬಿಳಿ ಗೀರು ಬಿದ್ದಿದೆ, ಕಾಣುತ್ತಿದೆಯಾ?

ಸ್ಕೇಟಿಂಗ್ ಅಂದ್ರೆ ಇಷ್ಟೇ. ಉದ್ದಕ್ಕೆ ಜಾರಬೇಕು, ಅಡ್ಡಕ್ಕೆ ಕಚ್ಚಬೇಕು. ಹಾಕಿ ಬ್ಲೇಡ್ ಸುಮಾರು 3 ಮಿ.ಮೀ. ದಪ್ಪ. ಅದರ ತಳವನ್ನು ಉದ್ದಕ್ಕೂ ಸ್ವಲ್ಪ ಒಳಗೆ ತೋಡಿರುತ್ತಾರೆ. ಹಾಗಾಗಿ ಒಂದು ಬ್ಲೇಡಿಗೆ ಎರಡು ಅಂಚು, ಒಳಗಿನದು ಮತ್ತು ಹೊರಗಿನದು. ಎರಡು ಕಾಲು ಸೇರಿ ನಾಲ್ಕು. ಮಂಡಿ ಚೆನ್ನಾಗಿ ಬಗ್ಗಿಸಿ, ಈ ನಾಲ್ಕರಲ್ಲಿ ಬೇಕಾದ್ದರ ಮೇಲೆ ಬೇಕಾದ ಕ್ಷಣಕ್ಕೆ ಭಾರ ಹಾಕುವವನೇ ದೊಡ್ಡ ಸ್ಕೇಟರ್.

[ದೃಶ್ಯ: ರೋಲರ್ ಸ್ಕೇಟ್ ಹಾಕಿದ ಹುಡುಗಿ ತಿರುವಿನಲ್ಲಿ ಕಾಲಿನ ಮೇಲೆ ಕಾಲು ದಾಟಿಸುತ್ತಾಳೆ. ಸ್ಲೋ ಮೋಷನ್.]

ಇದಕ್ಕೆ ಕ್ರಾಸ್‌ಓವರ್ ಅನ್ನುತ್ತಾರೆ. ಹೊರಗಿನ ಕಾಲು ಒಳಗಿನ ಕಾಲಿನ ಮೇಲಿಂದ ದಾಟುತ್ತದೆ. ಆ ಹೊತ್ತಿಗೆ ಕೆಳಗಿನ ಕಾಲು ಹೊರ ಅಂಚಿನಿಂದ ಒಂದು ತಳ್ಳು ಕೊಡುತ್ತದೆ. ಅಂದ್ರೆ ತಿರುಗುತ್ತಲೇ ವೇಗವೂ ಸಿಗುತ್ತದೆ. ಬಹಳಷ್ಟು ಆಟಗಾರರು ನೇರಕ್ಕೆ ನಾಲ್ಕು ಹೆಜ್ಜೆ ಜೋರಾಗಿ ಹಾಕಿ, ಆಮೇಲೆ ಸುಮ್ನೆ ಜಾರುತ್ತಾರೆ. ಮೆಕ್‌ಡೇವಿಡ್ ರಿಂಕಿನ ನಡುವಿನಲ್ಲೂ ಕ್ರಾಸ್‌ಓವರ್ ಹಾಕುತ್ತಲೇ ಇರುತ್ತಾರೆ. ಎದುರಿನ ಡಿಫೆನ್ಸ್ ಆಟಗಾರನಿಗೆ ಇವನು ಎಡಕ್ಕೋ ಬಲಕ್ಕೋ ಅಂತ ಗೊತ್ತಾಗುವುದಿಲ್ಲ, ವೇಗವೂ ಕಮ್ಮಿಯಾಗುವುದಿಲ್ಲ. 2021ರ ನವೆಂಬರಿನಲ್ಲಿ ನ್ಯೂಯಾರ್ಕ್ ರೇಂಜರ್ಸ್ ವಿರುದ್ಧ ನಾಲ್ವರನ್ನು ದಾಟಿ ಹೊಡೆದ ಗೋಲು ಹುಡುಕಿ ನೋಡಿ. ಕೈಚಳಕ ಆಮೇಲೆ ನೋಡಿ, ಮೊದಲು ಕಾಲು.

ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ನೇರ ಹೈವೇಯಲ್ಲಿ ಗಾಡಿ ಓಡಿಸಲು ಎಲ್ಲರಿಗೂ ಬರುತ್ತದೆ. ಡ್ರೈವರ್ ಎಂಥವನು ಅಂತ ತಿಳಿಯುವುದು ಘಟ್ಟದ ತಿರುವಿನಲ್ಲಿ.

ಈಗ ಬಾಬಿ ಓರ್. ನನ್ನ ಆಯ್ಕೆ ಇವರೇ, ಮೊದಲೇ ಹೇಳಿಬಿಡುತ್ತೇನೆ.

[ದೃಶ್ಯ: ಬೂಟಿನ ಚಿತ್ರ. ಚರ್ಮದ ಹಳೆಯ ಬೂಟು, ಉಕ್ಕಿನ ಕೊಳವೆಗೆ ಕೂರಿಸಿದ ಬ್ಲೇಡ್.]

ಬೋಸ್ಟನ್ ಬ್ರೂಯಿನ್ಸ್‌ನ ಓರ್ ಡಿಫೆನ್ಸ್ ಆಟಗಾರ. ಅವರ ಕಾಲದ ಬೂಟು ಇಂಥದ್ದು, ಇಂದಿನದಕ್ಕಿಂತ ಭಾರ. ಅದನ್ನೂ ಅವರು ಸಾಕ್ಸ್ ಇಲ್ಲದೆ ಬರಿಗಾಲಿಗೆ ಹಾಕುತ್ತಿದ್ದರು. ಹಿಂದಿನಿಂದ ಪಕ್ ತೆಗೆದುಕೊಂಡು ಎದುರಿನವರ ಗೋಲ್‌ವರೆಗೆ ಹೋಗುವುದು, ಪಕ್ ಕೈತಪ್ಪಿದರೆ ಅವರಿಗಿಂತ ಮೊದಲೇ ವಾಪಸ್ ಬಂದು ಹಿಮ್ಮುಖವಾಗಿ ತಡೆಯುವುದು. ಒಂದೇ ವೇಗದಲ್ಲಿ ಎಂದೂ ಹೋಗುತ್ತಿರಲಿಲ್ಲ. ನಿಧಾನ ಮಾಡಿ ಎದುರಿನವನನ್ನು ಹತ್ತಿರ ಕರೆದು, ಅವನು ಭಾರ ಬದಲಿಸಿದ ಕೂಡಲೇ ಇನ್ನೊಂದು ಬದಿಯಿಂದ ಜಾಗ ಖಾಲಿ. ಹೀಗೆ ಆಡಿ 1970 ಮತ್ತು 1975ರಲ್ಲಿ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸ್ ಎರಡೂ ಸೇರಿ) ಗಳಿಸಿದರು. ಡಿಫೆನ್ಸ್‌ನಲ್ಲಿ ನಿಂತವರು ಬೇರೆ ಯಾರೂ ಆ ಪಟ್ಟ ಗೆದ್ದಿಲ್ಲ. ಇಷ್ಟೆಲ್ಲ ಎಡ ಮಂಡಿಗೆ ಆಪರೇಷನ್ ಮೇಲೆ ಆಪರೇಷನ್ ಆಗುತ್ತಿದ್ದಾಗ! 1978ರಲ್ಲಿ, 30ನೇ ವಯಸ್ಸಿಗೆ, ಆಟ ಬಿಟ್ಟರು.

ಇನ್ನೊಬ್ಬ ಡಿಫೆನ್ಸ್ ಆಟಗಾರ ಪಾಲ್ ಕಾಫಿ ಬಗ್ಗೆ ಹೇಳದಿದ್ದರೆ ಕೆಲವರಿಗೆ ಸಿಟ್ಟು ಬರುತ್ತದೆ. ಓರ್ ಒಂದು ಸೀಸನ್‌ನಲ್ಲಿ 46 ಗೋಲು ಹೊಡೆದಿದ್ದರು, ಕಾಫಿ 1985-86ರಲ್ಲಿ 48 ಹೊಡೆದರು. ಇವರು ಕಾಲಿನ ಅಳತೆಗಿಂತ ಚಿಕ್ಕ ಬೂಟಿನಲ್ಲಿ ಕಾಲು ತುರುಕುತ್ತಿದ್ದರು. ಬೂಟಿನೊಳಗೆ ಕಾಲು ಅಲುಗಾಡದಿದ್ದರೆ ಬ್ಲೇಡ್ ಹೇಳಿದ ಮಾತು ಕೇಳುತ್ತದೆ. ಎರಡು ಸಲ ಕಾಲು ಬೀಸಿದರೆ ಅರ್ಧ ರಿಂಕ್ ದಾಟಿಬಿಡುತ್ತಿದ್ದರು. ನೋಡಲು ಓರ್‌ಗಿಂತ ಚಂದ, ಒಪ್ಪುತ್ತೇನೆ. ಆದರೆ ಹಿಂದೆ ಬಂದು ತಡೆಯುವ ಕೆಲಸದಲ್ಲಿ ಓರ್‌ಗೆ ಸಾಟಿಯಲ್ಲ.

ಸಿಡ್ನಿ ಕ್ರಾಸ್ಬಿಯದು ಬೇರೆಯೇ ಶೈಲಿ. ಎರಡು ಹಿಮ್ಮಡಿ ಎದುರುಬದುರು ಮಾಡಿ, ಸೊಂಟ ತೆರೆದು, ಪೂರ್ತಿ ಬಗ್ಗಿ ಮೂಲೆಯಲ್ಲಿ ತಿರುಗುತ್ತಾರೆ. ಅವರನ್ನು ಅಲ್ಲಿಂದ ಎಬ್ಬಿಸುವುದು ಕಷ್ಟ. ಇನ್ನು ವೇಯ್ನ್ ಗ್ರೆಟ್ಸ್ಕಿ? ವೇಗದ ಪಟ್ಟಿಯಲ್ಲಿ ಅವರ ಹೆಸರು ಮೇಲೆ ಬರುವುದೇ ಇಲ್ಲ. ಪಾಯಿಂಟ್ ಮಾತ್ರ 2,857, ಲೀಗ್‌ನಲ್ಲೇ ಅತಿ ಹೆಚ್ಚು.

ನೇರ ಓಟಕ್ಕೆ, ಪಕ್ ಸಮೇತ ತಿರುವಿಗೆ, ನಾನು ಮೆಕ್‌ಡೇವಿಡ್ ಅವರನ್ನೇ ಕಳಿಸುತ್ತೇನೆ. ಮುಂದಕ್ಕೂ ಹಿಂದಕ್ಕೂ, ಆಟ ಪೂರ್ತಿ ಬೇಕು ಅಂದ್ರೆ ಓರ್. ಗಾರ್ಟ್ನರ್ ಅಭಿಮಾನಿಗಳು ಇದ್ದರೆ ಕಾಮೆಂಟಿಗೆ ಬನ್ನಿ, ಜಗಳ ಆಡೋಣ. ಮುಂದಿನ ವಿಡಿಯೋದಲ್ಲಿ ಗೋಲ್‌ಕೀಪರ್. ಅವರ ಬ್ಲೇಡೇ ಬೇರೆ ಥರ.