ಮಗುವಿನ ಉತ್ತರ ಕೇಳಿಸಿಕೊಳ್ಳಲು ಕಲಿಯೋಣ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ವಿಜಯಪುರದ ಯಾವುದಾದರೂ ಪದವಿ ಕಾಲೇಜಿಗೆ ಹೋಗಿ, ಬಿಎಸ್ಸಿ ಕೊನೆಯ ವರ್ಷದ ಹುಡುಗಿಗೆ ಒಂದು ಇಂಟಿಗ್ರೇಶನ್ ಲೆಕ್ಕ ಕೊಡಿ. ಪಟಪಟ ಅಂತ ಬಿಡಿಸುತ್ತಾಳೆ. ಅದೇ ಹುಡುಗಿಗೆ, ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸುವುದನ್ನು ಶಾಲೆಯ ಮಗುವಿಗೆ ಹೇಳಿಕೊಡಮ್ಮಾ ಅನ್ನಿ. 'ಛೇದ ಸಮ ಮಾಡಬೇಕು, ಲ.ಸಾ.ಅ. ತೆಗೆಯಬೇಕು' ಅನ್ನುತ್ತಾಳೆ. ಯಾಕೆ ಸಮ ಮಾಡಬೇಕು ಅಂತ ಮಗು ಕೇಳಿತೋ, ಅಲ್ಲಿಗೆ ನಿಂತುಬಿಡುತ್ತಾಳೆ. ಇದು ಅವಳ ತಪ್ಪಲ್ಲ. ಒಂದನೇ ತರಗತಿಯಿಂದ ಡಿಗ್ರಿಯವರೆಗೆ ಗಣಿತ ಕಲಿಸಿದ ನಾವು, ಅದನ್ನು ಇನ್ನೊಬ್ಬರಿಗೆ ತಿಳಿಸುವುದು ಹೇಗೆ ಅಂತ ಅವಳಿಗೆ ಕಲಿಸಲೇ ಇಲ್ಲ.

ಇಂಗ್ಲೆಂಡಿನಲ್ಲಿ ಇದಕ್ಕೊಂದು ದಾರಿ ಮಾಡಿದ್ದಾರೆ. ವಿಜ್ಞಾನ ಲೇಖಕ ಸೈಮನ್ ಸಿಂಗ್ ಮತ್ತು ಅವರ ಜೊತೆಯವರು 2002ರಲ್ಲಿ ಶುರು ಮಾಡಿದ ಯೋಜನೆ ಅದು. ಪದವಿ ವಿದ್ಯಾರ್ಥಿಗಳು ಕೆಲವು ವಾರ ಹತ್ತಿರದ ಶಾಲೆಗೆ ಹೋಗಿ ಶಿಕ್ಷಕರ ಕೈಕೆಳಗೆ ಕೆಲಸ ಮಾಡುತ್ತಾರೆ. ದಿನಚರಿ ಬರೆಯುತ್ತಾರೆ, ವರದಿ ಕೊಡುತ್ತಾರೆ. ಇದು ಸುಮ್ನೆ ಸಮಾಜಸೇವೆ ಅಲ್ಲ. ಪದವಿಯದೇ ಒಂದು ವಿಷಯ, ಅದಕ್ಕೂ ಅಂಕ ಉಂಟು. ನನಗೆ ಜಾಸ್ತಿ ಹಿಡಿಸಿದ್ದು ಈ ಮಾತು. ಅಂಕ ಇಲ್ಲದ ಕೆಲಸವನ್ನು ಪರೀಕ್ಷೆ ಹತ್ತಿರ ಬಂದಾಗ ಎಲ್ಲರೂ ಕೈಬಿಡುತ್ತಾರೆ, ಅಲ್ವಾ?

ಆದರೆ ಶಾಲೆಗೆ ಕಳಿಸುವ ಮುಂಚೆ ಈ ಯುವಕರಿಗೆ ಏನು ಕಲಿಸಬೇಕು? ಬೋರ್ಡಿನ ಮೇಲೆ ಅಂದವಾಗಿ ಬರೆಯುವುದು, ದೊಡ್ಡ ದನಿಯಲ್ಲಿ ಮಾತಾಡುವುದು, ಬಣ್ಣದ ಚಾರ್ಟು ಮಾಡುವುದು ಎಲ್ಲ ಬೇಕು. ಆದರೆ ಅವು ಆಮೇಲೆ. ಮೊದಲು ಕಲಿಯಬೇಕಾದದ್ದು ಮಗು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳುವುದು.

ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸು ಅಂದರೆ ಎಷ್ಟೋ ಮಕ್ಕಳು ಐದನೇ ಎರಡು ಅಂತ ಬರೆಯುತ್ತಾರೆ. ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದರೆ ಅಲ್ಲಿಗೆ ಮುಗಿಯಿತು. ಹಾಗೆ ಮಾಡದೆ, 'ಇದು ಹೆಂಗ ಬಂತು, ಹೇಳು' ಅಂತ ಕೇಳಿ ನೋಡಿ. 'ಅಕ್ಕೋರ, ಮ್ಯಾಲಿಂದು ಮ್ಯಾಲ ಕೂಡಿಸೀನ್ರಿ, ಕೆಳಗಿಂದು ಕೆಳಗ' ಅನ್ನುತ್ತದೆ ಮಗು. ಎಷ್ಟು ಚೊಕ್ಕ ಲೆಕ್ಕಾಚಾರ! ಒಂದೂ ಒಂದೂ ಎರಡು, ಎರಡೂ ಮೂರೂ ಐದು. ಮಗು ಯೋಚನೆ ಮಾಡಿಯೇ ಬರೆದಿದೆ. ತಾನೇ ಕಟ್ಟಿಕೊಂಡ ನಿಯಮವನ್ನು ತಪ್ಪದೆ ಪಾಲಿಸಿದೆ. ಆ ನಿಯಮ ಯಾಕೆ ನಡೆಯುವುದಿಲ್ಲ ಅಂತ ಮಗುವಿಗೇ ಕಾಣಿಸಬೇಕು.

ಹೇಗೆ? ಒಂದು ಕಾಗದವನ್ನು ರೊಟ್ಟಿಯ ಹಾಗೆ ಗುಂಡಗೆ ಕತ್ತರಿಸಿ. 'ನಿನ್ನ ಹತ್ತಿರ ಅರ್ಧ ರೊಟ್ಟಿ ಐತಿ. ಅವ್ವ ಇನ್ನೊಂದು ತುಂಡು ಹಾಕಿದಳು. ಈಗ ಅರ್ಧಕ್ಕಿಂತ ಹೆಚ್ಚಾತೋ ಕಡಿಮಿ ಆತೋ?' ಹೆಚ್ಚಾಯಿತು ಅನ್ನುತ್ತದೆ ಮಗು. ಐದು ಪಾಲಿನಲ್ಲಿ ಎರಡು ಪಾಲು ಅಂದರೆ ಅರ್ಧಕ್ಕಿಂತ ಕಡಿಮೆ. ಇಲ್ಲಿ ಮಗುವಿಗೇ ಅನುಮಾನ ಹುಟ್ಟುತ್ತದೆ. ಈಗ ಆರು ಸಮ ಪಾಲು ಮಾಡಿಸಿ. ಅರ್ಧ ಅಂದರೆ ಮೂರು ಪಾಲು, ಮೂರನೇ ಒಂದು ಅಂದರೆ ಎರಡು ಪಾಲು, ಒಟ್ಟು ಆರರಲ್ಲಿ ಐದು. ಲ.ಸಾ.ಅ. ಅನ್ನುವ ಹೆಸರನ್ನು ಇನ್ನೂ ಹೇಳಿಲ್ಲ, ಆದರೆ ಅದರ ಕೆಲಸ ಆಗಿಹೋಯಿತು. ಇಷ್ಟು ಮಾಡಲು ತಾಳ್ಮೆ ಬೇಕು. ಉತ್ತರ ಗೊತ್ತಿದ್ದವರಿಗೆ ಸುಮ್ಮನೆ ಕಾಯುವುದು ಬಲು ಕಷ್ಟ. ಅದಕ್ಕೇ ತರಬೇತಿ ಬೇಕು ಅನ್ನುವುದು.

ಇನ್ನು ಭಾಷೆ. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಓದಿದವರು ಶಾಲೆಯ ಕನ್ನಡ ಪುಸ್ತಕ ತೆರೆದು ವಿಸ್ತೀರ್ಣ, ಸುತ್ತಳತೆ, ಅನುಪಾತ ಎಲ್ಲವನ್ನೂ ಮತ್ತೆ ಓದಿಕೊಳ್ಳಬೇಕು. ನಮ್ಮ ಕಡೆ ಮನೆಯಲ್ಲಿ ಉರ್ದು, ಮರಾಠಿ, ಲಂಬಾಣಿ ಆಡುವ ಮಕ್ಕಳೂ ಬಹಳ. ಮಗು ಮನೆಮಾತಿನಲ್ಲಿ ಎಣಿಸಿದರೆ ಎಣಿಸಲಿ ಬಿಡಿ. ಲೆಕ್ಕ ಸರಿ ಬಂದ ಮೇಲೆ ಪುಸ್ತಕದ ಮಾತು ಬರುತ್ತದೆ.

ಉದಾಹರಣೆಗಳನ್ನು ಊರಲ್ಲೇ ಹುಡುಕಲಿ. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, 2 ಎಕರೆ 10 ಗುಂಟೆ ಅಂತ ಇರುತ್ತದೆ. ಇದನ್ನು 2.10 ಎಕರೆ ಅನ್ನಬಹುದೇ? ಎಕರೆಗೆ 40 ಗುಂಟೆ, ಹಾಗಾಗಿ 10 ಗುಂಟೆ ಅಂದರೆ ಕಾಲು ಎಕರೆ. ದಶಮಾಂಶದಲ್ಲಿ ಅದು 2.25. ಈ ಒಂದೇ ಪ್ರಶ್ನೆ ಏಳನೇ ತರಗತಿಯವರನ್ನು ಒಂದು ಪೀರಿಯಡ್ ಪೂರ್ತಿ ಹಿಡಿದು ಕೂರಿಸುತ್ತದೆ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಹಗ್ಗ ಹಿಡಿದು ಶಾಲೆಯ ಬಯಲಲ್ಲಿ ಗುರುತು ಮಾಡಿಸಿ, 1,089 ಚದರ ಅಡಿ ಕಣ್ಣೆದುರಿಗೇ ಬರುತ್ತದೆ.

ಗೋಳಗುಮ್ಮಟವಂತೂ ಇದ್ದೇ ಇದೆ. 1656ರಲ್ಲಿ ಮುಗಿದ ಕಟ್ಟಡ. ಕೆಳಗಿನ ಕೋಣೆ ಚೌಕ, ಮೇಲಿನ ಗುಮ್ಮಟ ದುಂಡಗೆ. ಚೌಕದ ಮೇಲೆ ದುಂಡು ಹೇಗೆ ಕೂತಿತು? ಮಕ್ಕಳಿಗೆ ಕಾಗದದಲ್ಲಿ ಎರಡು ಚೌಕ ಕತ್ತರಿಸಲು ಹೇಳಿ, ಒಂದರ ಮೇಲೊಂದು ಇಟ್ಟು ಮೇಲಿನದನ್ನು 45 ಡಿಗ್ರಿ ತಿರುಗಿಸಲಿ. ನಡುವೆ ಎಂಟು ಮೂಲೆಯ ಆಕಾರ ಮೂಡುತ್ತದೆ. ಒಳಗೆ ನಿಂತು ತಲೆ ಎತ್ತಿದರೆ ಒಂದಕ್ಕೊಂದು ಹೆಣೆದುಕೊಂಡ ಕಮಾನುಗಳಲ್ಲಿ ಕಾಣುವುದೂ ಅದೇ.

ವರ್ಷಕ್ಕೊಮ್ಮೆ ಮೇಳ ಮಾಡಿ, ಫೋಟೋ ತೆಗೆದು ಮುಗಿಸುವುದರಲ್ಲಿ ನನಗೆ ನಂಬಿಕೆ ಕಡಿಮೆ. ಅದೇ ನಾಲ್ಕು ಮಕ್ಕಳ ಹತ್ತಿರ ಅದೇ ವಿದ್ಯಾರ್ಥಿ ವಾರವಾರ ಹೋಗಬೇಕು. ಶನಿವಾರ ಬೆಳಗಿನ ಶಾಲೆ ಇರುತ್ತದಲ್ಲ, ಅಷ್ಟು ಹೊತ್ತು ಸಾಕು. ಬೆಳಗಾವಿಯಲ್ಲಿ 2010ರಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇದೆ, ಇಲ್ಲೇ ತೊರವಿಯಲ್ಲಿ ಮಹಿಳಾ ವಿಶ್ವವಿದ್ಯಾಲಯ ಇದೆ. ಪದವಿ ಕಾಲೇಜುಗಳಂತೂ ತಾಲ್ಲೂಕಿಗೆ ತಾಲ್ಲೂಕಿಗೆ ಇವೆ. ಪಠ್ಯಕ್ರಮ ಮಾಡುವ ಹಿರಿಯರು ಇದನ್ನು ಒಂದು ಪೇಪರ್ ಆಗಿ ಸೇರಿಸಲಿ ಅಂತ ಕೈಮುಗಿದು ಕೇಳುತ್ತೇನೆ.

ಶಾಲೆಯ ಗುರುಗಳಲ್ಲೂ ಒಂದು ಕೋರಿಕೆ. ಇಂಥ ಹುಡುಗ ಹುಡುಗಿಯರು ನಿಮ್ಮ ಬಾಗಿಲಿಗೆ ಬಂದರೆ, ಮುಂದಿನ ಸಾಲಿನ ಜಾಣ ಮಕ್ಕಳನ್ನಷ್ಟೇ ಅವರ ಮುಂದೆ ಕೂರಿಸಬೇಡಿ. ಲೆಕ್ಕದ ಪೀರಿಯಡ್ ಬಂದ ಕೂಡಲೇ ತಲೆ ತಗ್ಗಿಸುವ ಮಕ್ಕಳು ನಿಮಗೆ ಗೊತ್ತೇ ಇರುತ್ತಾರೆ. ಅವರನ್ನು ಕೊಡಿ.

ನಮಸ್ಕಾರ.